ಸೈಕಲ್ ತುಳಿದು ಮದಗದ ಕೆರೆಗೆ



ಹಾವೇರಿ ಜಿಲ್ಲೆಯ ಮಾಸೂರು ಎಂದೊಡನೆ ಸರ್ವಜ್ಞನ ನೆನಪಾಗುತ್ತದೆ. ನಾನು ಇಂದು ಹೇಳಹೊರಟಿರುವುದು ಅದೇ ಊರಿನ ಮದಗದ ಕೆರೆಯ ವಿಷಯ. ಮೊದಲ ಸಲ ಅಲ್ಲಿಗೆ ಬೈಕಿನಲ್ಲಿ ಹೋದಾಗ ಕಂಡದ್ದು ಗುಡ್ಡ, ನೀರು, ಹಸಿರು, ಇಷ್ಟೇ. ಎರಡನೆಯ ಸಲ ಸೈಕಲ್ ತುಳಿದೆ.

ದಾರಿ ಕಠಿಣವೇನಲ್ಲ, ಪೂರ್ತಿ ಸಲೀಸೂ ಅಲ್ಲ. ಶಿಕಾರಿಪುರದ ಕಡೆಯಿಂದ ಹರಿದುಬರುವ ಕುಮುದ್ವತಿಗೆ ಎದುರಾಗಿ ಸಾಗುವಾಗ ನೆಲದ ಏರು ಮೊದಲು ಕಾಲಿಗೆ ತಿಳಿಯುತ್ತದೆ, ಆಮೇಲೆ ಕಣ್ಣಿಗೆ. ಬಯಲು ಕ್ರಮೇಣ ಗುಡ್ಡಗಳ ನಡುವೆ ಕಿರಿದಾಗುತ್ತದೆ. ದಣಿವಾರಿಸಿಕೊಳ್ಳಲು ಸೈಕಲ್ ನಿಲ್ಲಿಸಿದಾಗ ಹೊಳೆಯಿತು: ನೀರು ತಡೆಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ವಿಜಯನಗರದ ಕಾಲದಲ್ಲಿ ಕೆರೆ ಕಟ್ಟಿದವರು ಈ ಸಂದನ್ನೇ ಆರಿಸಿ, ಸುಮಾರು 100 ಅಡಿ ಎತ್ತರದ ಏರಿ ಹಾಕಿದರು.

ಆ ದೊಡ್ಡ ಏರಿ ಸೋಲಲಿಲ್ಲ. ಒಡೆದದ್ದು ಪಕ್ಕದ ಚಿಕ್ಕ ಏರಿ. ಕೆರೆಗೆ ಬಂದ ಹೆಚ್ಚಿನ ನೀರಿಗೆ ಕೋಡಿ ಸಾಲದಿದ್ದರೆ, ಅದು ದುರ್ಬಲ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ. ಇಂದು ನಾವು ನೋಡುವುದು ಆ ಹಳೆಯ ಕೆರೆಯ ಒಂದು ಭಾಗವನ್ನು ಮಾತ್ರ.

ಊರೂರಲ್ಲಿ ಈಗ ಕೆರೆಗಳ ಹೂಳೆತ್ತುವ, ಏರಿ ಭದ್ರಪಡಿಸುವ ಮಾತಿದೆ. ಒಳ್ಳೆಯದೇ. ಆದರೆ ಕೋಡಿಯ ನೀರು ಹರಿಯುವ ಹಾದಿಯಲ್ಲಿ ಮನೆಯೋ ಹೊಲವೋ ಎದ್ದಿದೆಯೇ ಎಂದು ನೋಡುವವರು ಎಷ್ಟು ಮಂದಿ?

ಮಾಸೂರಿಗೆ ಬನ್ನಿ. ಆಗದಿದ್ದರೆ ನಿಮ್ಮೂರಿನ ಕೆರೆಗೇ ಒಮ್ಮೆ ಸೈಕಲ್ ತುಳಿಯಿರಿ. ಏರಿಯ ಮೇಲೆ ನಿಂತು ನೀರಿನ ಚೆಲುವು ನೋಡುವ ಮೊದಲು, ಕೋಡಿ ಎಲ್ಲಿದೆ ಎಂದು ಕೇಳಿ.