ನಂಬಿಕೆಯನ್ನು ಹೇಳಿಕೊಳ್ಳುವ ಧೈರ್ಯ

ಕೋಲಾರದ ಚಿನ್ನದ ಗಣಿಗಳಿಗೆ ಉತ್ತರ ಆರ್ಕಾಟಿನ ಕಡೆಯಿಂದ ದುಡಿಯಲು ಬಂದವರಲ್ಲಿ ಅಂದು ಅಸ್ಪೃಶ್ಯರೆನಿಸಿಕೊಂಡಿದ್ದವರೇ ಬಹಳ. ಅವರಲ್ಲಿ ಅನೇಕರು ಕ್ರೈಸ್ತರು. ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದವರ ಎದೆಗಾರಿಕೆಯನ್ನು ನೀವು ಬಲ್ಲಿರಿ. ಆದರೆ ಬಂಗಾರಪೇಟೆಯ ಕಚೇರಿಯಲ್ಲಿ ಅರ್ಜಿ ತುಂಬುವಾಗ ‘ಮತ’ ಎಂಬ ಕಡೆ ನಿಜವನ್ನು ಬರೆಯಲು ಬೇಕಾದ ಧೈರ್ಯವೇ ಬೇರೆ. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ, ಕ್ರೈಸ್ತನೆಂದು ಬರೆಸಿದವನಿಗೆ ಪರಿಶಿಷ್ಟ ಜಾತಿಯ ಸೌಲಭ್ಯವಿಲ್ಲ. ಈ ಕಟ್ಟು ಸಿಖ್ಖರಿಗೆ 1956ರಲ್ಲಿ, ಬೌದ್ಧರಿಗೆ 1990ರಲ್ಲಿ ಸಡಿಲವಾಯಿತು. 2001ರಲ್ಲಿ ಗಣಿ ಮುಚ್ಚಿ, ಕೆಲಸಕ್ಕಾಗಿ ಬೆಂಗಳೂರಿನ ರೈಲು ಹತ್ತಬೇಕಾದ ಮನೆಗಳಿಗೆ ಈ ನಷ್ಟ ಸಣ್ಣದಲ್ಲ.

ತನ್ನ ಮತವನ್ನು ಬಹಿರಂಗವಾಗಿ ಅವಲಂಬಿಸುವ ಹಕ್ಕನ್ನು ಸಂವಿಧಾನದ 25ನೆಯ ವಿಧಿ ಎಲ್ಲರಿಗೂ ಕೊಟ್ಟಿದೆ. ಆದರೂ ನೆರೆಯವನು ಹೇಳಿಕೊಳ್ಳಲು ಹಿಂಜರಿದರೆ ಅವನನ್ನು ಹೇಡಿಯೆನ್ನಬೇಡಿ. ಹೇಳಿಕೊಂಡವನು ತೆತ್ತ ಬೆಲೆಯನ್ನು ಮರೆಯಬೇಡಿ.