ನೀಲಾಂಜನೆಯ ನೃತ್ಯವೂ ನಾದದ ಅರ್ಥವೂ



ಸಂಗೀತವು ಮಾತಿನಂತೆ ಇಂಥದೇ ಅರ್ಥವನ್ನು ತಿಳಿಸಬಲ್ಲುದೇ, ತಿಳಿಸಬೇಕೇ ಎಂಬ ಜಿಜ್ಞಾಸೆಗೆ ಮಹಾಕವಿ ಪಂಪನು ಕ್ರಿ.ಶ. 941ರಲ್ಲಿ ರಚಿಸಿದ ‘ಆದಿಪುರಾಣ’ದ ನೀಲಾಂಜನೆಯ ಪ್ರಸಂಗವು ಉತ್ತಮ ನಿದರ್ಶನವಾಗಿದೆ.

ರಾಜ್ಯಭೋಗದಲ್ಲಿದ್ದ ವೃಷಭಸ್ವಾಮಿಗೆ ವೈರಾಗ್ಯ ಮೂಡಬೇಕೆಂಬುದು ದೇವೇಂದ್ರನ ಉದ್ದೇಶ. ಅದಕ್ಕಾಗಿ ಅವನು ಉಪದೇಶಕ್ಕೆ ತೊಡಗಲಿಲ್ಲ. ಗೀತವಾದ್ಯಗಳೊಡನೆ ನೃತ್ಯವನ್ನು ಏರ್ಪಡಿಸಿ, ಆಯುಷ್ಯ ತೀರಲಿದ್ದ ಅಪ್ಸರೆ ನೀಲಾಂಜನೆಯನ್ನು ರಂಗಕ್ಕೆ ತಂದನು. ಆಡುತ್ತಿದ್ದಂತೆಯೇ ಆಕೆಯ ದೇಹವು ಮಿಂಚಿನಂತೆ ಮರೆಯಾಯಿತು. ರಸಭಂಗವಾಗದಂತೆ ಇಂದ್ರನು ತತ್‌ಕ್ಷಣವೇ ಆಕೆಯನ್ನೇ ಹೋಲುವ ಮತ್ತೊಬ್ಬಳನ್ನು ನಿರ್ಮಿಸಿದನು. ಸಭಾಸದರು ಅರಿಯಲಿಲ್ಲ, ಸ್ವಾಮಿಯು ಅರಿತನು.

ಎಲ್ಲರ ಕಿವಿಗೂ ಬಿದ್ದುದು ಒಂದೇ ನಾದ. ಸಭೆಗೆ ಅದು ವಿನೋದ, ಸ್ವಾಮಿಗೆ ಅನಿತ್ಯತೆಯ ದರ್ಶನ. ಅರ್ಥವು ನಾದದಲ್ಲಿಯೇ ಅಡಗಿದ್ದಿತಾದರೆ ಅಂದು ಸಭೆಗೆ ಸಭೆಯೇ ದೀಕ್ಷೆಗೆ ಹೊರಡಬೇಕಾಗಿತ್ತು! ನಾದವು ಚಿತ್ತವನ್ನು ಒಂದೆಡೆ ನಿಲ್ಲಿಸುತ್ತದೆ. ನಿಂತ ಚಿತ್ತವು ಏನನ್ನು ಕಾಣುವುದೆಂಬುದು ಕೇಳುವವನ ಪಾಕಕ್ಕೆ ಬಿಟ್ಟ ವಿಷಯ.

ಹಾಗೆಂದು ಬಸದಿಯಲ್ಲಿ ಸಾಹಿತ್ಯವೇ ಬೇಡವೆನ್ನಲಾಗದು. ಅಷ್ಟವಿಧಾರ್ಚನೆಯಲ್ಲಿ ಅರ್ಪಿಸುತ್ತಿರುವುದು ಜಲವೋ ಗಂಧವೋ ಅಕ್ಷತೆಯೋ ಎಂಬುದನ್ನು ಮಂತ್ರದ ಮಾತೇ ಹೇಳಬೇಕು, ನಾಗಸ್ವರವು ಹೇಳಲಾರದು. ಅಲ್ಲಿ ವಾದ್ಯಘೋಷವು ಮಾತನ್ನು ಮುಳುಗಿಸಿದರೆ ಅದು ದೋಷವೇ ಸರಿ.

ದೀಕ್ಷಾಕಲ್ಯಾಣದಂದು ನೀಲಾಂಜನೆಯ ನೃತ್ಯವನ್ನು ಆಡಿ ತೋರಿಸುವಾಗ ಮಾತ್ರ ಈ ಕ್ರಮವು ತಿರುಗಬೇಕು. ಆಕೆ ಮರೆಯಾಗುವ ಗಳಿಗೆಯಲ್ಲಿ ಧ್ವನಿವರ್ಧಕದ ಮುಂದಿನ ವ್ಯಾಖ್ಯಾನಕಾರರು ಮೌನವಾಗಿರಲಿ, ಮೃದಂಗವು ನಡೆಯುತ್ತಲೇ ಇರಲಿ. ಯಾರು ಗಮನಿಸಿದರು, ಯಾರು ಗಮನಿಸಲಿಲ್ಲ ಎಂಬುದು ಅವರವರಿಗೇ ತಿಳಿದೀತು.