ಏಟು ತಿಂದವನ ಸರದಿ

(ಯುವಜನರ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸೇನೆಯ ಕುರಿತು ಮಾತನಾಡುವಾಗ ನಾವು ಸಾಮಾನ್ಯವಾಗಿ ಗಡಿ, ಶತ್ರು, ಯುದ್ಧ ಮತ್ತು ಬಲಿದಾನಗಳ ಬಗ್ಗೆ ಮಾತನಾಡುತ್ತೇವೆ. ಆದರೆ ಶತ್ರುವಿನ ಒಂದು ಗುಂಡೂ ಹಾರದಿರುವಾಗ, ತನ್ನದೇ ದೇಶದ ಬ್ಯಾರಕ್‌ನೊಳಗೆ, ತನ್ನಂತೆಯೇ ಸಮವಸ್ತ್ರ ತೊಟ್ಟವರ ಕೈಯಲ್ಲಿ ನಜ್ಜುಗುಜ್ಜಾಗುವ ಸೈನಿಕನ ಬಗ್ಗೆ ಮಾತನಾಡುವವರು ವಿರಳ. ಇಂದು ಆ ಸೈನಿಕನ ಕುರಿತು ಕೆಲವು ಮಾತುಗಳನ್ನು ನಿಮ್ಮ ಮುಂದಿಡಲು ಬಯಸುತ್ತೇವೆ.

2005ರ ಡಿಸೆಂಬರ್ 31ರ ರಾತ್ರಿ. ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಟ್ಯಾಂಕ್ ಅಕಾಡೆಮಿಯಲ್ಲಿ ಸೈನಿಕರು ಹೊಸ ವರ್ಷವನ್ನು ಸ್ವಾಗತಿಸುತ್ತಿದ್ದರು. ಆ ರಾತ್ರಿ ಆಂದ್ರೇ ಸಿಚ್ಯೋವ್ ಎಂಬ 19ರ ಹರೆಯದ ಸೈನಿಕನನ್ನು ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರಿಸಿ ಹಿಂಸಿಸಲಾಯಿತು. ರಕ್ತಸಂಚಾರ ನಿಂತುಹೋದ ಕಾಲುಗಳು ಕೊಳೆಯತೊಡಗಿದವು. ಹಲವು ದಿನಗಳ ಬಳಿಕವಷ್ಟೇ ಆತ ಆಸ್ಪತ್ರೆ ಸೇರಿದ. ಕೊನೆಗೆ ಜೀವ ಉಳಿಸಲು ವೈದ್ಯರು ಆತನ ಎರಡೂ ಕಾಲುಗಳನ್ನು ಕತ್ತರಿಸಬೇಕಾಯಿತು. ಈ ಸುದ್ದಿಯನ್ನು ಜಗತ್ತಿಗೆ ತಿಳಿಸಿದ್ದು ಸೇನೆಯಲ್ಲ. ಆಸ್ಪತ್ರೆಯಿಂದ ಸೈನಿಕರ ತಾಯಂದಿರ ಸಮಿತಿಗೆ ವಿಷಯ ತಲುಪಿತು, ಅಲ್ಲಿಂದ ಪತ್ರಿಕೆಗಳಿಗೆ. ಪತ್ರಕರ್ತರು ಪ್ರಶ್ನಿಸಿದಾಗ ಅಂದಿನ ರಕ್ಷಣಾ ಸಚಿವ ಸೆರ್ಗೇಯ್ ಇವಾನೋವ್ ಅಲ್ಲಿ ಅಷ್ಟೇನೂ ಗಂಭೀರವಾದುದು ನಡೆದಿರಲಾರದು ಎಂಬರ್ಥದ ಮಾತನ್ನಾಡಿದ್ದರು! 2006ರ ಸೆಪ್ಟೆಂಬರಿನಲ್ಲಿ ಕಿರಿಯ ಸಾರ್ಜೆಂಟ್ ಒಬ್ಬನಿಗೆ ನಾಲ್ಕು ವರ್ಷಗಳ ಸೆರೆವಾಸವಾಯಿತು.

ಇದನ್ನು ಕೇವಲ ಒಬ್ಬ ಕ್ರೂರಿಯ ಕೃತ್ಯವೆಂದು ತಿಳಿದರೆ ನಾವು ವಿಷಯದ ಬುಡವನ್ನು ಮುಟ್ಟಿದಂತಾಗದು. ರಷ್ಯನ್ ಭಾಷೆಯಲ್ಲಿ ಈ ಪಿಡುಗಿಗೊಂದು ಹೆಸರಿದೆ. ಅದು ದೆದೋವ್ಶಿನಾ. ಅಜ್ಜಂದಿರ ಆಡಳಿತವೆಂದು ಅದರ ಅರ್ಥ. ನಮ್ಮಲ್ಲಿ ಅಜ್ಜನೆಂದರೆ ತಂದೆಯ ಏಟಿನಿಂದ ಮೊಮ್ಮಗನನ್ನು ರಕ್ಷಿಸುವವನು. ಅಲ್ಲಿನ ಬ್ಯಾರಕ್‌ನಲ್ಲಿ ಅಜ್ಜನೆಂದರೆ ಸೇವಾವಧಿಯ ಕೊನೆಯ ತಿಂಗಳುಗಳಲ್ಲಿರುವ, ಇಪ್ಪತ್ತೋ ಇಪ್ಪತ್ತೊಂದೋ ವರ್ಷದ ಯುವಕ. ಹೊಸದಾಗಿ ಬಂದವನನ್ನು ಅವರು ಪ್ರೇತವೆಂದು ಕರೆಯುತ್ತಾರೆ. ಪ್ರೇತಕ್ಕೆ ದೇಹವಿಲ್ಲ, ಹಕ್ಕೂ ಇಲ್ಲ. ಅಜ್ಜನ ಬೂಟಿಗೆ ಪಾಲಿಶ್ ಹಾಕುವುದು, ಹಾಸಿಗೆ ಸರಿಪಡಿಸುವುದು, ತನ್ನ ಪಾಲಿನ ಊಟವನ್ನು ಒಪ್ಪಿಸುವುದು, ಎಲ್ಲಿಂದಲಾದರೂ ಹಣ ಮತ್ತು ಸಿಗರೇಟು ತಂದುಕೊಡುವುದು ಆತನ ಕರ್ತವ್ಯ. ತಪ್ಪಿದರೆ ರಾತ್ರಿ ನಿದ್ದೆಯಿಲ್ಲ, ಏಟು ತಪ್ಪುವುದಿಲ್ಲ. 2004ರಲ್ಲಿ ಹ್ಯೂಮನ್ ರೈಟ್ಸ್ ವಾಚ್ ಪ್ರಕಟಿಸಿದ ವರದಿಯು ಇದನ್ನೆಲ್ಲ ಸವಿವರವಾಗಿ ದಾಖಲಿಸಿತ್ತು.

ಈ ವ್ಯವಸ್ಥೆಯಲ್ಲಿ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಏರಲು ಒಂದು ದೀಕ್ಷೆಯಿದೆ. ಎರಡು ವರ್ಷಗಳ ಸೇವೆಯಿದ್ದ ಕಾಲದಲ್ಲಿ ಪ್ರತಿ ಆರು ತಿಂಗಳಿಗೊಮ್ಮೆ, ಎಷ್ಟು ತಿಂಗಳು ಕಳೆದಿದೆಯೋ ಅಷ್ಟು ಏಟುಗಳನ್ನು ಸೊಂಟಪಟ್ಟಿಯ ಲೋಹದ ಬಿಲ್ಲೆಯಿಂದ ಸೈನಿಕನ ಹಿಂಭಾಗಕ್ಕೆ ಬಾರಿಸುತ್ತಿದ್ದರು. ಅದನ್ನು ಸಹಿಸಿದವನು ಮೇಲಿನ ದರ್ಜೆಗೆ ಅರ್ಹ. ಆದರೆ ಅಜ್ಜನು ಮನೆಗೆ ಹೊರಡುವ ದರ್ಜೆಗೇರುವಾಗಿನ ದೃಶ್ಯವನ್ನು ಗಮನಿಸಿರಿ. ಆತನ ಬೆನ್ನ ಮೇಲೆ ದಿಂಬನ್ನಿಟ್ಟು ನೂಲಿನ ಎಳೆಯಿಂದ ಹೊಡೆಯಲಾಗುತ್ತಿತ್ತು. ನೂಲು ತಾಗಿದಾಗಲೆಲ್ಲ ಪಕ್ಕದಲ್ಲಿ ನಿಂತ ಕಿರಿಯ ಸೈನಿಕನೊಬ್ಬ ಆತನ ಪರವಾಗಿ ನೋವಿನಿಂದ ಚೀರಬೇಕಿತ್ತು!

ಸಹೋದರರೇ, ದಬ್ಬಾಳಿಕೆಯ ಸ್ವರೂಪವನ್ನು ಅರಿಯಲು ಈ ಒಂದು ದೃಶ್ಯ ಸಾಕು. ಮೇಲಿರುವವನಿಗೆ ನೂಲಿನ ಏಟು, ಕೆಳಗಿರುವವನಿಗೆ ಅದರ ನೋವು. ಆದರೆ ಇದಕ್ಕಿಂತಲೂ ಭಯಾನಕವಾದ ಸಂಗತಿಯೊಂದಿದೆ. ಹಾಗೆ ಚೀರುವ ಯುವಕನು ಆ ಕ್ಷಣದಲ್ಲಿ ಈ ಪದ್ಧತಿ ನಾಶವಾಗಲಿ ಎಂದು ಬಯಸುವುದು ಅಪರೂಪ. ತನ್ನ ಸರದಿ ಎಂದು ಬರುತ್ತದೆ ಎಂದೇ ಆತ ಲೆಕ್ಕ ಹಾಕುತ್ತಾನೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬ ನಮ್ಮ ಗಾದೆಯನ್ನು ನೆನಪಿಸಿಕೊಳ್ಳಿರಿ. ಹಿಂಸೆಯನ್ನು ಅನುಭವಿಸಿದ ಸೊಸೆ ಅದನ್ನು ಸಾಲವೆಂದು ಬರೆದಿಟ್ಟುಕೊಳ್ಳುತ್ತಾಳೆ. ಆದರೆ ವಸೂಲಿ ಮಾಡುವುದು ಸಾಲಗಾರಳಾದ ಅತ್ತೆಯಿಂದಲ್ಲ, ಯಾವ ತಪ್ಪನ್ನೂ ಮಾಡದ ತನ್ನ ಸೊಸೆಯಿಂದ. ಬ್ಯಾರಕ್‌ನ ಲೆಕ್ಕಾಚಾರವೂ ಇದುವೇ. ಮರ್ದಕನು ತೆರಳಿದರೂ ಮರ್ದನವು ಉಳಿಯುತ್ತದೆ. ಯಾಕೆಂದರೆ ಮರ್ದಿತನೇ ಅದರ ವಾರಸುದಾರನಾಗಿರುತ್ತಾನೆ.

ಈ ಪಿಡುಗಿಗೆ ಆಡಳಿತದ ಕಾರಣಗಳೂ ಇವೆ. 1967ರಲ್ಲಿ ಸೋವಿಯತ್ ಸರಕಾರವು ಭೂಸೇನೆಯ ಕಡ್ಡಾಯ ಸೇವೆಯನ್ನು ಮೂರು ವರ್ಷಗಳಿಂದ ಎರಡಕ್ಕೆ ಇಳಿಸಿತು. ಮೂರು ವರ್ಷ ದುಡಿಯಬೇಕಾಗಿದ್ದವರು ಎರಡೇ ವರ್ಷಕ್ಕೆ ಬಂದವರ ಮೇಲೆ ತಮ್ಮ ಸಿಟ್ಟನ್ನು ತೀರಿಸಿಕೊಂಡರೆಂದೂ ಪಿಡುಗು ಬೇರೂರಿದ್ದು ಆಗಲೇ ಎಂದೂ ಹಲವು ಸಂಶೋಧಕರು ಹೇಳುತ್ತಾರೆ. ಜೊತೆಗೆ, ಸೈನಿಕರೊಂದಿಗೆ ಬ್ಯಾರಕ್‌ನಲ್ಲೇ ಇದ್ದು ಶಿಸ್ತು ಕಾಯುವ ಅನುಭವಿ ವೃತ್ತಿಪರ ಸಾರ್ಜೆಂಟರ ಕೊರತೆಯಿತ್ತು. ಅಧಿಕಾರಿಗಳು ಸಂಜೆ ಮನೆಗೆ ಹೋದ ಮೇಲೆ ಶಿಸ್ತಿನ ಗುತ್ತಿಗೆ ಅಜ್ಜಂದಿರದ್ದಾಯಿತು. ಅಧಿಕಾರಿಗೆ ಬೆಳಗ್ಗೆ ನೆಲ ಸ್ವಚ್ಛವಾಗಿದ್ದರೆ ಸಾಕು. ಅದನ್ನು ಯಾರು, ಯಾರ ಏಟಿಗೆ ಹೆದರಿ, ಎಷ್ಟು ಹೊತ್ತಿನ ತನಕ ಉಜ್ಜಿದರು ಎಂದು ಆತ ಕೇಳಲಿಲ್ಲ. ಅಧಿಕೃತ ಭಾಷೆಯಲ್ಲಿ ಇದಕ್ಕೆ ನಿಯಮಬಾಹಿರ ಸಂಬಂಧಗಳೆಂದು ಹೆಸರು. ಘೋರ ಅನ್ಯಾಯಕ್ಕೆ ಸೌಮ್ಯ ಹೆಸರನ್ನಿಡುವುದು ಆಳುವವರ ಹಳೆಯ ಚಾಳಿ.

ಹಾಗಾದರೆ ಇದನ್ನು ಎದುರಿಸಿದವರು ಯಾರು? ತಾಯಂದಿರು. 1989ರಲ್ಲಿ ಮಾಸ್ಕೋದಲ್ಲಿ ಆರಂಭವಾದ ಸೈನಿಕರ ತಾಯಂದಿರ ಸಮಿತಿಯು ಬ್ಯಾರಕ್‌ನಿಂದ ಓಡಿಬಂದ ಮಕ್ಕಳಿಗೆ ಆಶ್ರಯ ಮತ್ತು ಕಾನೂನಿನ ನೆರವು ನೀಡಿತು. 1995ರಲ್ಲಿ ಅದೇ ತಾಯಂದಿರು ಚೆಚನ್ಯಾ ಯುದ್ಧವನ್ನು ವಿರೋಧಿಸಿ ಗ್ರೋಝ್ನಿಯ ಕಡೆಗೆ ಶಾಂತಿಯಾತ್ರೆ ಹೊರಟರು. ತಮ್ಮ ಮಗನ ನೋವನ್ನು ಕಂಡವರು ಎದುರು ಪಕ್ಷದ ತಾಯಿಯ ನೋವನ್ನೂ ಕಂಡರು. 1996ರಲ್ಲಿ ಸಮಿತಿಗೆ ರೈಟ್ ಲೈವ್‌ಲಿಹುಡ್ ಪ್ರಶಸ್ತಿ ಸಂದಿತು. ಆದರೆ ಅಧಿಕಾರಕ್ಕೆ ಇಂಥ ತಾಯಂದಿರು ಎಂದೂ ಹಿತವಾಗುವುದಿಲ್ಲ. ಸೇನೆಯೊಳಗಿನ ವಿಷಯಗಳ ಮಾಹಿತಿ ಸಂಗ್ರಹಿಸುವವರನ್ನು ವಿದೇಶಿ ಏಜೆಂಟರೆಂದು ಘೋಷಿಸಬಹುದಾದ ಆದೇಶವು 2021ರಲ್ಲಿ ಹೊರಬಿದ್ದಾಗ, ಸೇಂಟ್ ಪೀಟರ್ಸ್‌ಬರ್ಗ್‌ನ ತಾಯಂದಿರ ಸಂಘಟನೆಯು ಸೈನಿಕರಿಗೆ ನೆರವಾಗುವ ತನ್ನ ಕೆಲಸವನ್ನೇ ನಿಲ್ಲಿಸಬೇಕಾಯಿತು.

ಸಿಚ್ಯೋವ್ ಪ್ರಕರಣದ ಬಳಿಕ ಸರಕಾರವು ಸೇವಾವಧಿಯನ್ನು 2007ರಲ್ಲಿ ಹದಿನೆಂಟು ತಿಂಗಳಿಗೂ 2008ರಲ್ಲಿ ಹನ್ನೆರಡು ತಿಂಗಳಿಗೂ ಇಳಿಸಿತು. ಅವಧಿಯೇ ಒಂದು ವರ್ಷವಾದರೆ ಅಜ್ಜನೆಲ್ಲಿಂದ ಬಂದಾನು ಎಂಬುದು ತರ್ಕ. ಅದರಿಂದ ಪ್ರಯೋಜನವಾಗದೆ ಇರಲಿಲ್ಲ. ಆದರೆ ಮನಸ್ಸಿನಲ್ಲಿರುವ ಅಜ್ಜನನ್ನು ಯಾವ ಸುತ್ತೋಲೆ ಹೊರಗಟ್ಟೀತು? 2019ರ ಅಕ್ಟೋಬರ್ 25ರಂದು ಸೈಬೀರಿಯಾದ ಗೋರ್ನಿಯಲ್ಲಿ ರಾಮಿಲ್ ಶಂಸುದ್ದೀನೋವ್ ಎಂಬ ಸೈನಿಕನು ತನ್ನದೇ ಘಟಕದವರ ಮೇಲೆ ಗುಂಡು ಹಾರಿಸಿ ಎಂಟು ಮಂದಿಯನ್ನು ಕೊಂದನು. ತನ್ನನ್ನು ಹಿಂಸಿಸಿ ಅವಮಾನಿಸಲಾಗಿತ್ತೆಂದು ಆತ ಹೇಳಿದ. ಆತನನ್ನು ಪೀಡಿಸಿದ ಸೈನಿಕನೊಬ್ಬನಿಗೆ ಸಿಕ್ಕಿದ್ದು ಎರಡು ವರ್ಷಗಳ ಅಮಾನತು ಶಿಕ್ಷೆ. ಶಂಸುದ್ದೀನೋವ್‌ಗೆ 2021ರಲ್ಲಿ ಇಪ್ಪತ್ತನಾಲ್ಕೂವರೆ ವರ್ಷಗಳ ಸೆರೆವಾಸ. ಎಂಟು ಜೀವಗಳ ಹತ್ಯೆಯನ್ನು ನಾವು ಎಳ್ಳಷ್ಟೂ ಸಮರ್ಥಿಸುವುದಿಲ್ಲ. ಆದರೆ ದೂರು ಕೇಳುವ ಕಿವಿಯೊಂದು ಸಕಾಲದಲ್ಲಿ ಅಲ್ಲಿದ್ದಿದ್ದರೆ ಆ ಎಂಟು ಮನೆಗಳಲ್ಲಿ ಶೋಕ ಬೀಳುತ್ತಿತ್ತೇ ಎಂದು ಕೇಳುವ ಹಕ್ಕು ನಮಗಿದೆ.

ಇದು ರಷ್ಯಾದ ಕಾಯಿಲೆಯೆಂದು ಯಾರೂ ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. ಜಗತ್ತಿಗೆ ಮಾನವ ಹಕ್ಕುಗಳ ಪಾಠ ಹೇಳುವ ಅಮೆರಿಕದಲ್ಲಿ, ಸೌತ್ ಕ್ಯಾರೊಲಿನಾದ ಪ್ಯಾರಿಸ್ ಐಲೆಂಡ್ ಎಂಬ ಮರೀನ್ ತರಬೇತಿ ಕೇಂದ್ರದಲ್ಲಿ, 2015ರಲ್ಲಿ ತರಬೇತಿ ಪಡೆಯುತ್ತಿದ್ದ ಒಬ್ಬ ಮುಸ್ಲಿಮ್ ಯುವಕನನ್ನು ಬಟ್ಟೆ ಒಣಗಿಸುವ ಯಂತ್ರದೊಳಗೆ ತಳ್ಳಿ ಅದನ್ನು ಚಾಲೂ ಮಾಡಲಾಯಿತು. ಆತನ ಧರ್ಮದ ಬಗ್ಗೆ ಪ್ರಶ್ನೆಗಳ ಸುರಿಮಳೆ ನಡೆಯಿತು. ಆ ಕುರಿತು ದೂರಿದ್ದರೂ ಅದೇ ಶಿಕ್ಷಕನಿಗೆ ಮುಂದಿನ ತಂಡದ ಹೊಣೆಯನ್ನು ವಹಿಸಲಾಯಿತು. ಆ ತಂಡದಲ್ಲಿ ರಾಹೀಲ್ ಸಿದ್ದೀಕಿ ಇದ್ದ, ಪಾಕಿಸ್ತಾನಿ ಮೂಲದ ಇಪ್ಪತ್ತರ ಹುಡುಗ. 2016ರ ಮಾರ್ಚ್ 18ರಂದು ಶಿಕ್ಷಕನಿಂದ ಕೆನ್ನೆಗೆ ಏಟು ತಿಂದ ಬೆನ್ನಿಗೇ ಆತ ಮೂರನೆಯ ಮಹಡಿಯಿಂದ ಕೆಳಗೆ ಬಿದ್ದು ಸತ್ತ. 2017ರ ನವೆಂಬರಿನಲ್ಲಿ ಸೇನಾ ನ್ಯಾಯಾಲಯವು ಆ ಶಿಕ್ಷಕನಿಗೆ ಹತ್ತು ವರ್ಷಗಳ ಶಿಕ್ಷೆ ವಿಧಿಸಿತು. ಮನೆಯವರು ಹೂಡಿದ ಪರಿಹಾರದ ದಾವೆ ಮಾತ್ರ, ಸೇವೆಯಲ್ಲಿರುವಾಗಿನ ಹಾನಿಗೆ ಸರಕಾರ ಹೊಣೆಯಲ್ಲವೆಂಬ ಹಳೆಯ ತತ್ವದ ಮೇಲೆ ವಜಾ ಆಯಿತು.

ಗಟ್ಟಿಗರನ್ನು ತಯಾರಿಸಲು ಇದೆಲ್ಲ ಅಗತ್ಯ ಎಂದು ವಾದಿಸುವವರಿದ್ದಾರೆ. ಕಠಿಣ ತರಬೇತಿ ಬೇರೆ, ಅವಮಾನ ಬೇರೆ. ಹತ್ತು ಮೈಲಿ ಓಡಿಸಿದರೆ ದೇಹ ಗಟ್ಟಿಯಾದೀತು. ಇನ್ನೊಬ್ಬನ ಬೂಟಿನ ಮುಂದೆ ಮಂಡಿಯೂರಿಸಿದರೆ ಗಟ್ಟಿಯಾಗುವುದು ದ್ವೇಷ ಮಾತ್ರ. ರಾತ್ರಿ ಹಾಸಿಗೆಯಲ್ಲಿ ಯಾರಿಗೆ ಹೆದರುತ್ತಾನೋ ಅವನ ಪಕ್ಕದಲ್ಲೇ ನಿಂತು ಹಗಲು ಯುದ್ಧ ಮಾಡೆಂದರೆ ಆ ಸೈನಿಕ ಯಾರನ್ನು ನಂಬಿಯಾನು?

ಕೊನೆಯದಾಗಿ ನಮ್ಮ ಕಡೆಗೇ ತಿರುಗೋಣ. ಇಲ್ಲಿ ಕುಳಿತಿರುವ ಹಲವರು ಹಾಸ್ಟೆಲ್‌ಗಳಲ್ಲಿದ್ದೀರಿ. ರ‍್ಯಾಗಿಂಗ್ ತಡೆಗೆ 2009ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ನಿಯಮಾವಳಿ ರೂಪಿಸಿದೆ. ವಿದ್ಯಾರ್ಥಿಯೂ ಹೆತ್ತವರೂ ಮುಚ್ಚಳಿಕೆಗೆ ಸಹಿ ಹಾಕುತ್ತಾರೆ. ಆದರೂ ನಮ್ಮ ಸೀನಿಯರ್‌ಗಳು ನಮಗೆ ಮಾಡಿದ್ದನ್ನೇ ನಾವು ಮಾಡಿದೆವು ಎಂಬ ಮಾತು ಇಂದಿಗೂ ಸಮರ್ಥನೆಯಾಗಿ ಕೇಳಿಬರುತ್ತದೆ. ಚೆಲ್ಯಾಬಿನ್ಸ್ಕ್‌ನ ಆ ರಾತ್ರಿಯ ಹಿಂದೆ ಇದ್ದುದೂ ಈ ಮನೋಭಾವವೇ.

ಕಾನೂನು ಬೇಕು, ತನಿಖೆ ಬೇಕು, ಹೊರಗಿನವರಿಗೆ ಬ್ಯಾರಕ್‌ನ ಬಾಗಿಲು ತೆರೆದಿರಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಈ ಸರಪಳಿ ನಿಜವಾಗಿ ತುಂಡಾಗುವುದು, ಏಟು ತಿಂದವನೊಬ್ಬ ತನ್ನ ಸರದಿ ಬಂದಾಗ ಸೊಂಟಪಟ್ಟಿಯನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದಾಗ. ಆತನನ್ನು ಹೇಡಿಯೆಂದು ಹಂಗಿಸುವವರಿರಬಹುದು. ಆದರೆ ತನಗೆ ಬರಬೇಕಾದ ಬಾಕಿಯನ್ನು ನಿರಪರಾಧಿಯಿಂದ ವಸೂಲಿ ಮಾಡದೆ ಮನ್ನಾ ಮಾಡುವವನಿಗಿಂತ ದೊಡ್ಡ ಧೈರ್ಯಶಾಲಿ ಯಾವ ಸೇನೆಯಲ್ಲೂ ಇಲ್ಲ. ಆ ಧೈರ್ಯ ನಿಮ್ಮದಾಗಲೆಂದು ಹಾರೈಸುತ್ತಾ ಮಾತು ಮುಗಿಸುತ್ತೇವೆ.